ಗೇಟಿನೆದುರು ಆಶೀರ್ವಾದ

"ಬಂದ್ಳು ನೋಡು ನಿನ್ನ ಕೊಮಾದ್ರೆ," ದೊಲೋರೆಸ್ ಓತಿಲಿಯಾಳನ್ನು ಮೊಣಕೈಯಿಂದ ತಿವಿದಳು. "ಇವತ್ತಾದ್ರೂ ಬಾಯಿ ಬಿಡ್ತೀಯೋ, ಇಲ್ಲ ಬಾಯಲ್ಲಿ ಪೀಚ್ ಹಣ್ಣು ಇಟ್ಕೊಂಡು ಬಂದಿದ್ದೀಯೋ?"

ಲಾಸ್ ಏಂಜಲೀಸಿನಲ್ಲಿ ಹಣ್ಣನ್ನು ಡಬ್ಬಿಗೆ ತುಂಬುವ ಆ ಕಾರ್ಖಾನೆಯ ಎದುರು ಮೆಕ್ಸಿಕೊದಿಂದ ಬಂದ ಹೆಂಗಸರು ಮುಷ್ಕರಕ್ಕೆ ನಿಂತು ಮೂರನೆಯ ವಾರ. ಸಂಘ ಬೇಕು, ಕೂಲಿ ಏರಬೇಕು ಎಂದು ಕೂಗಿ ಗಂಟಲು ಕಟ್ಟಿತ್ತು. ಮಾಲೀಕ ಒಳಗೆ ಹೊಸಬರನ್ನು ತುಂಬಿದ್ದ. ಅವರಿಗೆ ಹಣ್ಣು ಸೀಳಿ ಗೊರಟೆ ತೆಗೆಯಲು ಕಲಿಸುತ್ತಿದ್ದವಳು ಮೇಲ್ವಿಚಾರಕಿ ಹಾಸಿಂತಾ. ಅವಳು ಒಳಗೆ ಹೋಗುವಷ್ಟು ದಿನ ಕಾರ್ಖಾನೆ ಓಡುತ್ತದೆ, ಮುಷ್ಕರ ಮುರಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಹಾಸಿಂತಾ ಕೇಳಿದರೆ ಓತಿಲಿಯಾಳ ಮಾತನ್ನೇ ಕೇಳಿಯಾಳು, ತಡೆಯಬೇಕಾದವಳು ಅವಳೇ ಎಂದೂ ಗೊತ್ತಿತ್ತು. ಆದರೆ ಓತಿಲಿಯಾಳ ಮಗಳು ಬೆರ್ತಾಳನ್ನು ಇಗರ್ಜಿಯಲ್ಲಿ ಜ್ಞಾನಸ್ನಾನದ ದಿನ ಎತ್ತಿಕೊಂಡು ಜ್ಞಾನತಾಯಿಯಾದವಳು ಹಾಸಿಂತಾ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಒಂದೇ ಮಗುವಿಗೆ ಇಬ್ಬರು ತಾಯಂದಿರು. ಅಂಥವಳ ಎದುರು ದನಿ ಎತ್ತುವುದುಂಟೆ?

"ಕೊಮಾದ್ರೆ, ಒಳಗೆ ಹೋಗ್ಬೇಡಿ," ಎಂದಳು ಮೆಲ್ಲಗೆ.

"ದಾರಿ ಬಿಡಿ, ಕೊಮಾದ್ರೆ. ಮನೇಲಿ ಗಂಡ ಮಲಗಿದಲ್ಲೇ ಇದ್ದಾನೆ, ನಿಮಗೇ ಗೊತ್ತು. ನಾನೇನು ಖುಷಿಗೆ ಬರ್ತೀನಾ?"

"ಏ ದ್ರೋಹಿ!" ಹಿಂದಿನಿಂದ ದೊಲೋರೆಸ್ ಕೂಗಿದಳು. "ಮೇಲ್ವಿಚಾರಕಿಯ ಬಿಳಿ ಕೋಟು ಹಾಕ್ಕೊಂಡ್ರೆ ಮಾಲೀಕನ ಅತ್ತಿಗೆ ಆಗ್ಬಿಡ್ತೀಯೇನೇ?"

ನಾಲ್ಕಾರು ಜನ ನಕ್ಕರು. ಉಳಿದವರು ಕೂಗತೊಡಗಿದರು.

ಅಷ್ಟರಲ್ಲಿ ಪುಟ್ಟ ಬೆರ್ತಾ ಮುಷ್ಕರದವರ ಸಾಲಿನಿಂದ ಹಾಸಿಂತಾಳತ್ತ ಓಡಿದಳು. ಈ ಗದ್ದಲ ಅವಳಿಗೆ ದಿನದ್ದೇ. ಜ್ಞಾನತಾಯಿ ಎದುರಾದರೆ ಕೈಗೆ ಮುತ್ತಿಟ್ಟು ಆಶೀರ್ವಾದ ಬೇಡಬೇಕೆಂದು ಅಮ್ಮ ಕಲಿಸಿದ್ದಳು. ಹಾಸಿಂತಾಳ ಕೈ ಹಿಡಿದು ಮುತ್ತಿಟ್ಟು, "ಆಶೀರ್ವಾದ ಮಾಡಿ, ದೊಡ್ಡಮ್ಮಾ," ಎಂದಳು.

ಕೂಗು ನಿಂತಿತು. ಹಾಸಿಂತಾ ಮಗುವಿನ ಹಣೆಯ ಮೇಲೆ ಶಿಲುಬೆ ಎಳೆದಳು.

"ದೇವರು ಚೆನ್ನಾಗಿಟ್ಟಿರ್ಲಿ, ಕಂದಾ. ಊಟ ಆಯ್ತಾ?"

"ನಿನ್ನೆ ಆಯ್ತು."

ಓತಿಲಿಯಾ ನೆಲ ನೋಡಿದಳು. ಮಗಳನ್ನು ಹಿಂದಕ್ಕೆ ಕರೆಯಬೇಕೆನಿಸಿತು.

ಒಳಗೆ ಸೈರನ್ ಕೂಗಿತು. ಕಾವಲುಗಾರ ಗೇಟನ್ನು ಅರ್ಧ ತೆರೆದು, ಬೇಗ ಬಾ ಎಂದು ಕೈ ಬೀಸಿದ. ಹಾಸಿಂತಾ ಗೇಟಿನತ್ತ ನೋಡಿದಳು, ತನ್ನ ಬೆರಳನ್ನು ಇನ್ನೂ ಬಿಡದ ಪುಟ್ಟ ಕೈಯನ್ನು ನೋಡಿದಳು. ಆಮೇಲೆ ಗೇಟಿಗೆ ಬೆನ್ನು ಹಾಕಿ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತು, ಬಾತ ಕಾಲಿನಿಂದ ಷೂ ಬಿಚ್ಚತೊಡಗಿದಳು. ಒಂದು ಬಂತು. ಇನ್ನೊಂದರ ಲಾಡಿ ಗಂಟಾಗಿತ್ತು. ಬೆರ್ತಾ ಅವಳ ಕಾಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ತಲೆ ಬಗ್ಗಿಸಿ, ಆ ಗಂಟನ್ನು ಉಗುರಿನಿಂದ ಕೆದಕುತ್ತಿದ್ದಳು.