ಎಂಟು ಲಕ್ಷದ ಅಂಗಳ

"ಏ ಮುದುಕಿ, ಕಾಲಾಗ ಜೀವ ಇಲ್ಲೇನು? ನಿಮ್ಮಪ್ಪನ ಹೆಣ ಹೊತ್ತಾಂಗ ನಡ್ಯಾಕತ್ತಿ. ಮಾಲು ಬಿಗೀತಂದ್ರ ಚರ್ಮ ಸುಲೀತೀನಿ, ರಂಡಿ."

ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಹೀಗೆ ಅಂದವನು ಅಶೋಕಕುಮಾರ ಸಾಹುಕಾರ. ಅನ್ನಿಸಿಕೊಂಡವಳು ಮಾಣಿಕಮ್ಮ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಕಾಂಕ್ರೀಟು ತುಂಬಿದ ಕಬ್ಬಿಣದ ಬುಟ್ಟಿ. ಬೆಳಗಿನ ಆರರಿಂದ ಅದೆಷ್ಟು ಬುಟ್ಟಿ ಹೊತ್ತಳೋ ಅವಳಿಗೇ ಗೊತ್ತಿಲ್ಲ. ಬೈಗುಳವೂ ಕೂಲಿಯ ಜೊತೆಗೇ ಬರುವುದು ಎಂದು ಮೂವತ್ತು ವರ್ಷದಿಂದ ನುಂಗಿದವಳು, ಇದನ್ನೂ ನುಂಗಿದಳು.

ಸಾಹುಕಾರನ ಮಗಳು ಹುಮನಾಬಾದಿನ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಉಳಿದವರ ಮಕ್ಕಳು ಬೆವರು ಸುರಿಸಿದ ನೆಲದಲ್ಲಿ ತನ್ನ ಮಗಳೇಕೆ ಆಡಬೇಕೆಂದು ಅವನು ಬಸವಕಲ್ಯಾಣದ ತನ್ನ ಬಂಗಲೆಯ ಹಿಂದೆಯೇ ಅಂಗಳ ಹಾಕಿಸುತ್ತಿದ್ದ. ಕಂಬ ಪುಣೆಯದು, ಗಾಜಿನ ಹಲಗೆ ಹೈದರಾಬಾದಿನದು, ಬಣ್ಣ ಯಾವುದೋ ಪರದೇಶದ್ದು, ಎಲ್ಲ ಸೇರಿ ಎಂಟು ಲಕ್ಷ. ಬಂದ ನೆಂಟರಿಗೆಲ್ಲ ಈ ಬೆಲೆ ಹೇಳುವುದೇ ಅವನಿಗೊಂದು ಹಬ್ಬವಾಗಿತ್ತು.

ಕಾಂಕ್ರೀಟು ಹಾಕುವ ದಿನಕ್ಕೊಂದು ರಿವಾಜಿದೆ. ಶುರುವಾದ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಜೋಡು ಬಿಟ್ಟು ಬಿರುಕು. ಹಾಗಾಗಿ ಅಂದು ಯಾರೂ ರೊಟ್ಟಿ ಕಟ್ಟಿಕೊಂಡು ಬರುವುದಿಲ್ಲ. ಮುಗಿದ ಮೇಲೆ ಮನೆಯವರು ಕೂಲಿಯವರನ್ನು ಸಾಲಾಗಿ ಕೂಡಿಸಿ ಸಿಹಿ ಊಟ ಹಾಕಬೇಕು. ಮನೆಮಂದಿಯನ್ನು ಕರೆತಂದರೂ ಬೇಡವೆನ್ನುವಂತಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವನೂ ಆ ಒಂದು ದಿನ ಕೈ ಬಿಚ್ಚುತ್ತಾನೆ.

ಅದನ್ನು ನಂಬಿಯೇ ಮಾಣಿಕಮ್ಮ ಮಗಳಿಗೆ ಬರಲು ಹೇಳಿದ್ದಳು. ಉಮಾದೇವಿ ಏಳು ತಿಂಗಳ ಬಸುರಿ, ತವರಿಗೆ ಬಂದು ವಾರವಾಗಿತ್ತು. ಬಂದಾಗಿನಿಂದ ತುಪ್ಪ ಹಾಕಿದ ಗೋಧಿ ಹುಗ್ಗಿಯದೇ ಜಪ. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ. ತುಪ್ಪ ತರುವ ಶಕ್ತಿ ಮಾಣಿಕಮ್ಮನಿಗಿರಲಿಲ್ಲ. ಶುಕ್ರವಾರ ಕಾಂಕ್ರೀಟು ಹಾಕುತ್ತಾರೆ, ಅಂದು ಸಾಹುಕಾರರ ಮನೆಯಲ್ಲೇ ಉಣ್ಣುವಿಯಂತೆ ಎಂದು ಮಾತು ಕೊಟ್ಟಿದ್ದಳು.

ಮಧ್ಯಾಹ್ನ ಅಯ್ಯನವರು ಬಂದು ಪುಣೆಯ ಕಂಬಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ನೆಂಟರು ಪಡಸಾಲೆಯಲ್ಲಿ ಉಂಡರು. ತುಪ್ಪದ ವಾಸನೆ ಹಿತ್ತಿಲಿಗೆಲ್ಲ ಹಬ್ಬಿತು. ಬೇವಿನ ಗಿಡದ ಕೆಳಗೆ ಉಮಾದೇವಿ ಮನೆಯಿಂದ ತಂದ ತಾಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು.

ಮೂರು ಗಂಟೆಗೆ ಕೊನೆಯ ಬುಟ್ಟಿ ಬಿತ್ತು. ವಜೀರ್ ಮಿಸ್ತ್ರಿ ಮಟ್ಟದ ಹಲಗೆ ಎಳೆದು ನೆಲವನ್ನು ಕನ್ನಡಿಯಂತೆ ನುಣುಪು ಮಾಡಿದ. ಸಿಮೆಂಟಿಗೆ ಸುಟ್ಟ ಕೈ ತೊಳೆದುಕೊಂಡು ಮಾಣಿಕಮ್ಮ ಊಟದ ಮಾತೆತ್ತಿದಳು.

"ಮನಿ ಮ್ಯಾಲ ಛತ್ತು ಹಾಕಿದ್ರ ಊಟ ಹಾಕ್ತಾರ. ಇದು ಆಡೋ ಜಾಗ," ಎಂದ ಸಾಹುಕಾರ. "ನಿಮ್ಮ ಹೊಟ್ಟಿ ನನ್ನ ಎಸ್ಟಿಮೇಟಿನಾಗ ಇಲ್ಲ."

"ಕಾಂಕ್ರೀಟು ಎಲ್ಲಿ ಹಾಕಿದ್ರೂ ಒಂದೇ ರಿವಾಜ್ ಅದ, ಸಾವ್ಕಾರ್ರ," ಎಂದ ವಜೀರ್ ಮೆಲ್ಲಗೆ.

ನೆಂಟರು ನೋಡುತ್ತಿದ್ದರು. ಸಾಹುಕಾರ ಒಳಗೆ ತಿರುಗಿ ಉಳಿದದ್ದನ್ನೆಲ್ಲ ಬಳಿದು ತರಲು ಕೂಗಿದ. ಯಾತರಲ್ಲಿ ಹಾಕಲಿ ಎಂದಳು ಅಡುಗೆಯವಳು. ಕೇರಿಯವರಿಗೆ ಮನೆಯ ತಾಟು ಮುಟ್ಟಿಸುವುದುಂಟೇ? ಅವನು ಕಾಂಕ್ರೀಟಿನ ಬುಟ್ಟಿಗಳನ್ನು ಗದ್ದದಿಂದಲೇ ತೋರಿಸಿದ.

ಸಿಮೆಂಟು ಇನ್ನೂ ಮೆತ್ತಿದ್ದ ನಾಲ್ಕು ಬುಟ್ಟಿ ತುಂಬಿದವು. ಹುಗ್ಗಿ, ಅನ್ನ, ಸಾರು, ಭಜಿ, ಉಪ್ಪಿನಕಾಯಿ ಎಲ್ಲ ಒಂದೇ ಮುದ್ದೆ. ಅದರೊಳಗೆ ಜಗಿದು ಉಗುಳಿದ ನುಗ್ಗೆಯ ಸಿಪ್ಪೆ, ಯಾರೋ ಕೈ ಒರೆಸಿ ಎಸೆದ ಕಾಗದ. ಆದರೆ ಹಸಿವಿಗೆ, ಅದರಲ್ಲೂ ಬಸುರಿಯ ಹಸಿವಿಗೆ, ಕಣ್ಣಿಲ್ಲ. ಉಮಾದೇವಿ ಹುಗ್ಗಿ ಮೆತ್ತಿದ ಭಜಿಯೊಂದನ್ನು ಎತ್ತಿ ಬಾಯಿಯ ಹತ್ತಿರ ಒಯ್ದಳು. ಅದನ್ನು ಯಾರೋ ಅರ್ಧ ಕಚ್ಚಿದ್ದರು, ಹಲ್ಲಿನ ಗುರುತು ಹಸಿಯಾಗಿಯೇ ಇತ್ತು.

ಮಾಣಿಕಮ್ಮ ಆ ಕೈಗೆ ಹೊಡೆದಳು. ಹೆತ್ತಾಗಿನಿಂದ ಮಗಳ ಮೇಲೆ ಕೈ ಎತ್ತಿದವಳಲ್ಲ. ಭಜಿ ಬುಟ್ಟಿಗೇ ಬಿತ್ತು.

"ತಿನ್ಲಿ ಬಿಡು," ಎಂದ ಸಾಹುಕಾರ. "ನಾಯಿಗೆ ಹಾಕೋದು ತಪ್ಸಿ ನಿಮಗ ಕೊಟ್ಟೀನಿ."

ಮಾಣಿಕಮ್ಮ ಬಾಗಿ ಒಂದು ಬುಟ್ಟಿ ಎತ್ತಿ ಸಿಂಬಿಯ ಮೇಲಿಟ್ಟುಕೊಂಡಳು. ನೇರ ಹೋಗಿ ಹಸಿ ಕಾಂಕ್ರೀಟಿನೊಳಗೆ ಕಾಲಿಟ್ಟಳು. ಹಿಮ್ಮಡಿ ಮುಳುಗಿತು. ಅಂಗಳದ ನಟ್ಟನಡುವೆ ನಿಂತು ಬುಟ್ಟಿ ಬೋರಲು ಹಾಕಿದಳು. ಅವಳು ತಿರುಗುವಷ್ಟರಲ್ಲಿ ಇನ್ನೂ ಮೂವರು ಕೂಲಿ ಹೆಂಗಸರು ಉಳಿದ ಮೂರು ಬುಟ್ಟಿ ಹೊತ್ತು ಬರುತ್ತಿದ್ದರು. ಒಬ್ಬಳು ಕಂಬದ ಬುಡಕ್ಕೆ ಸುರಿದಳು. ಇನ್ನೊಬ್ಬಳು ಕಾಲಿಂದ ಕಲಸಿಯೂ ಬಂದಳು.

"ಎಂಟು ಲಕ್ಷ... ಸೂಳೆಮಕ್ಕಳಾ, ಎಂಟು ಲಕ್ಷ!" ಸಾಹುಕಾರನ ದನಿ ಒಡೆದು ಹೋಯಿತು. ಬಳಿದು ತೆಗೆಯಲು ವಜೀರನಿಗೆ ಕೂಗಿದ.

ವಜೀರ್ ತನ್ನ ಕರಣೆ ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. "ಅರ್ಧಾ ತಾಸಿನಾಗ ಬಿಗೀತದ್ರಿ," ಎಂದಷ್ಟೇ ಹೇಳಿ ಹೊರಟ.

ಅಡುಗೆಯವಳು ಕೇರಿಯವರು ತುಳಿದ ಎಂಜಲು ಮುಟ್ಟುವುದಿಲ್ಲವೆಂದು ಒಳಗೆ ಹೋದಳು. ನೆಂಟರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಕಡೆಗೆ ಸಾಹುಕಾರನೇ ಧೋತರ ಎತ್ತಿ ಕಟ್ಟಿ ಅಂಗಳಕ್ಕಿಳಿದ. ಮೊಣಕಾಲೂರಿ ಹುಗ್ಗಿ, ನುಗ್ಗೆಸಿಪ್ಪೆ, ಕಚ್ಚಿದ ಭಜಿ ಎಲ್ಲವನ್ನೂ ಬರಿಗೈಯಲ್ಲಿ ಹೆಕ್ಕತೊಡಗಿದ.

ಗೇಟಿನ ಹತ್ತಿರ ಉಮಾದೇವಿ ನಿಂತು ತಿರುಗಿ ನೋಡಿದಳು.

"ಹೊಟ್ಟಿಲಿದ್ದಾಕಿ ಇಂಥಾದ್ದು ನೋಡಬಾರದು," ಎಂದಳು ಮಾಣಿಕಮ್ಮ. "ನಡಿ, ಅಂವಾ ಉಣ್ಲಿ."