ಬೆಲ್ ಆದಮೇಲೆ

"ಯಾವಳೇ ಇವಳಿಗೆ ನೀರು ಕುಡಿಸಿದ್ದು?"

ಮೇಟ್ರನ್ ಮೇಡಂ ಒದ್ದೆ ಹಾಸುಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಎದೆಗೆ ಎಸೆದಳು. ಬಟ್ಟೆ ಇನ್ನೂ ಬೆಚ್ಚಗಿತ್ತು. ಸಾಲುಮಂಚಗಳ ಮೇಲಿದ್ದ ಮುದುಕ ಮುದುಕಿಯರು ಬೈಗುಳ ತಮಗೇ ಅಂದುಕೊಂಡು ಕಣ್ಣು ಮುಚ್ಚಿದರು.

"ನಾನೇ ಮೇಡಂ. ಅರ್ಧ ಲೋಟ. ನಾಲಿಗೆ ಒಣಗಿತ್ತು."

"ನಾಲಿಗೆ ಒಣಗಿತ್ತಂತೆ, ನಾಲಿಗೆ. ಲೇ ಮುಂಡೆ, ಡೈಪರ್ ಏನು ನಿಮ್ಮಪ್ಪನ ಮನೆಯಿಂದ ತರ್ತೀಯಾ? ನಿಮ್ಮಂಥ ಕೊಳಕು ಜನಾನ ಒಳಗೆ ಬಿಟ್ಕೊಂಡಿದ್ದೇ ನನ್ನ ತಪ್ಪು. ಇನ್ನೊಂದ್ಸಲ ಹಾಸಿಗೆ ಒದ್ದೆ ಆಗ್ಲಿ, ಇದೇ ಬಟ್ಟೆ ಸುತ್ಕೊಂಡು ಮನೆಗೆ ಹೋಗ್ತೀಯ."

"ಆಯ್ತು ಮೇಡಂ" ಎಂದೆ. ಆ ವೃದ್ಧಾಶ್ರಮದಲ್ಲಿ ನನ್ನ ಬಾಯಿಗೆ ಚೆನ್ನಾಗಿ ರೂಢಿಯಾಗಿದ್ದದ್ದು ಅದೊಂದೇ ಮಾತು.

ಅಲ್ಲಿನ ಕಟ್ಟಳೆ ಸುಲಭ. ಒಬ್ಬರಿಗೆ ದಿನಕ್ಕೊಂದು ಡೈಪರ್. ಒಂದರಲ್ಲೇ ದಿನ ತಳ್ಳಬೇಕಾದರೆ ಒಳಗೆ ಹೋಗುವ ನೀರೇ ಕಡಿಮೆಯಾಗಬೇಕು. ಹಾಗಾಗಿ ಮಧ್ಯಾಹ್ನ ಊಟದ ತಟ್ಟೆ ಎತ್ತುವಾಗ ಮಂಚದ ಪಕ್ಕದ ಲೋಟಗಳನ್ನೂ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಮಾರನೆಯ ಬೆಳಿಗ್ಗೆವರೆಗೆ ಯಾರಿಗೂ ಹನಿ ನೀರಿಲ್ಲ. ಇದನ್ನು ಯಾರೂ ಬರೆದು ಅಂಟಿಸಿರಲಿಲ್ಲ. ಬಾಗಿಲ ಬಳಿ ಅಂಟಿಸಿದ್ದು ಬೇರೆ: 'ಇಲ್ಲಿ ಹಿರಿಯರೆಲ್ಲ ನಮ್ಮ ಮನೆಯವರು'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ದೂರು ಹೇಳುವವರಿಗೆ ಅಂತ ಒಂದು ಫೋನ್ ನಂಬರು.

ಹೇಳುತ್ತಿದ್ದದ್ದು ಮೇಟ್ರನ್, ಮಾಡುತ್ತಿದ್ದದ್ದು ನಾನು ಮತ್ತು ಗುಂಡಕ್ಕ. ಗುಂಡಕ್ಕ ನನಗೆ ಈ ಕೆಲಸ ಕೊಡಿಸಿದವಳು. ಕುಳ್ಳಗೆ ಗುಂಡಗಿದ್ದಳು, ನಕ್ಕರೆ ಮೈಯೆಲ್ಲ ಅಲುಗುತ್ತಿತ್ತು. ಇಡೀ ವಾರ್ಡಿಗೆ ನಾವಿಬ್ಬರೇ ಆಯಾಗಳು. ಎತ್ತುವುದು, ತೊಳೆಯುವುದು, ಒಗೆಯುವುದು ಎಲ್ಲ ನಮ್ಮ ಪಾಲಿಗೆ. ಸುಳ್ಳೇಕೆ ಹೇಳಲಿ, ಒದ್ದೆ ಕಡಿಮೆಯಾದಾಗ ನಮ್ಮ ಸೊಂಟಕ್ಕೂ ಸುಖವಾಗಿತ್ತು.

ಕಿಟಕಿ ಪಕ್ಕದ ಮಂಚ ಟೀಚರಮ್ಮನದು. ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವಳಂತೆ. ಈಗ ಬುದ್ಧಿ ಹಿಂದಕ್ಕೆ ಹೋಗಿ ತಾನೇ ಸಣ್ಣ ಹುಡುಗಿಯಾಗಿಬಿಟ್ಟಿದ್ದಳು. ನನ್ನ ನೀಲಿ ಕೋಟು ನೋಡಿ ನಾನೇ ಅವಳ ಟೀಚರು ಅಂದುಕೊಂಡಿದ್ದಳು. ಬಾಯಾರಿದರೆ ಕೂಗುತ್ತಿರಲಿಲ್ಲ. ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತುತ್ತಿದ್ದಳು.

"ಮಿಸ್, ನೀರು ಕುಡಿದು ಬರ್ಲಾ?"

ಮೊದಲ ಸಲ ಕೇಳಿದಾಗ ಗುಂಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ಹುಮ್ಮಸ್ಸು ಬಂತು. ದನಿ ಗಡಸು ಮಾಡಿ, "ಬೆಲ್ ಆದಮೇಲೆ. ಕೈ ಕೆಳಗಿಳಿಸು" ಎಂದೆ. ಟೀಚರಮ್ಮ ತಟ್ಟನೆ ಕೈ ಇಳಿಸಿ, ಎದೆಯ ಮೇಲೆ ಕೈಕಟ್ಟಿ ಮಲಗಿದಳು. ಸಂಜೆಯೆಲ್ಲ ಕಾದಳು. ಆ ಮನೆಯಲ್ಲಿ ಬೆಲ್ಲೇ ಇರಲಿಲ್ಲ.

ಸುಳ್ಳು ಕೆಲಸಕ್ಕೆ ಬಂತು. ಬರಬರುತ್ತ ಪಕ್ಕದ ಮಂಚದ ಡ್ರೈವರಜ್ಜನೂ ಉಳಿದವರೂ ಅದನ್ನು ಕಲಿತರು. ಮಾತು ಬರುವವರು, ಮಾತು ನಿಂತುಹೋದವರು, ಎಲ್ಲರೂ ಕೈ ಎತ್ತುವುದು, ನಾವು ಬೆಲ್ ಆಗಲಿ ಎನ್ನುವುದು, ಅವರು ಇಳಿಸುವುದು. ಮೇಟ್ರನ್ ಒಂದು ದಿನ ಇದನ್ನು ಕಂಡು, "ಪರವಾಗಿಲ್ವೇ, ನಿನಗೂ ತಲೆ ಇದೆ" ಎಂದಳು. ಅಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಮನೆಗೆ ಹೋಗಿ ಗಂಡನಿಗೆ ಹೇಳಿಕೊಂಡು ನಕ್ಕೆ. ಈಗ ಅದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ಟೀಚರಮ್ಮನ ತುಟಿ ಒಡೆಯಿತು. ನಕ್ಕರೆ ರಕ್ತ ಜಿನುಗುತ್ತಿತ್ತು. ಮೈ ಒರೆಸುವಾಗ ಕೈಮೇಲಿನ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಡಾಕ್ಟರಿಗೆ ತೋರಿಸೋಣ ಮೇಡಂ ಎಂದೆ.

"ವಯಸ್ಸಾದ್ಮೇಲೆ ಒಣಗದೆ ಚಿಗುರ್ತಾರಾ? ಹೋಗು, ಬಚ್ಚಲು ತೊಳಿ."

ಆ ದಿನವೇ ಕದ್ದು ಅರ್ಧ ಲೋಟ ಕುಡಿಸಿದ್ದು, ಒದ್ದೆ ಬಟ್ಟೆಯಲ್ಲಿ ಹೊಡೆಸಿಕೊಂಡದ್ದು. ಬೈಸಿಕೊಂಡು, ಬಟ್ಟೆ ಒಗೆದು ಬಂದಾಗ ಟೀಚರಮ್ಮ ಮತ್ತೆ ಕೈ ಎತ್ತಿದ್ದಳು. ಅವಳೇ ನನ್ನ ಮುಖ ನೋಡಿ ಕೈ ಇಳಿಸಿದಳು.

"ಇನ್ನೂ ಬೆಲ್ ಆಗಿಲ್ಲ ಅಲ್ವಾ ಮಿಸ್? ನಾನು ಕಾಯ್ತೀನಿ, ಬೇಜಾರಿಲ್ಲ."

ಮನೆಗೆ ಹೋಗುವ ದಾರಿಯಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಆಶ್ರಮದ ಬಾಗಿಲ ಬಳಿ ಅಂಟಿಸಿದ್ದ ಆ ದೂರಿನ ನಂಬರಿಗೆ ಫೋನು ಮಾಡಿದೆ. ಆ ಕಡೆಯವರು ಹೆಸರು ಕೇಳಿದರು. "ಹೆಸರು ಯಾಕೆ, ಬಂದು ನೋಡಿ. ನೀರು ಕೊಡ್ತಾ ಇಲ್ಲ" ಎಂದು ಇಟ್ಟುಬಿಟ್ಟೆ. ಯಾರು ಕೊಡುತ್ತಿಲ್ಲ ಎಂದು ಹೇಳಲಿಲ್ಲ.

ಆ ವಾರದಲ್ಲೇ, ತನಿಖೆಗೆ ಸಾಹೇಬರು ಬರುತ್ತಾರೆಂಬ ಸುದ್ದಿ ಮೇಟ್ರನ್ ಕಿವಿಗೆ ಮೊದಲೇ ಬಿತ್ತು. ಗುಂಡಕ್ಕ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

"ನೀನೇ ತಾನೇ ಫೋನ್ ಮಾಡಿದ್ದು?"

"ಹೂಂ ಅಕ್ಕ."

"ಹಾಳಾದೋಳೇ. ಆ ಮೇಟ್ರನ್ ಬಿತ್ರಿ ಒಂದು ದಿನ ಆದ್ರೂ ಲೋಟ ಮುಟ್ಟಿದ್ದು ಯಾರಾದ್ರೂ ನೋಡಿದಾರಾ? ಕಿತ್ಕೊಂಡಿದ್ದು ನಿನ್ನ ಕೈ, ನನ್ನ ಕೈ. ಬಾಯಿ ಬಿಟ್ರೆ ಮೊದಲು ಒಳಗೆ ಹೋಗೋದು ನಾವೇ ಕಣೇ. ನನ್ನ ಮಗಳು ಬಾಣಂತನಕ್ಕೆ ಬಂದಿದಾಳೆ. ನಿನ್ನ ಕಾಲು ಹಿಡ್ಕೊಳ್ಳಲಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಾಯಿ ಬಿಡಲ್ಲ ಅಕ್ಕ ಎಂದೆ.

ಸಾಹೇಬರು ಬರುವ ಬೆಳಿಗ್ಗೆ ಹಾಸಿಗೆಗೆಲ್ಲ ಹೊಸ ಬಟ್ಟೆ ಹಾಸಿದೆವು. ತಲೆ ಬಾಚಿ ಪೌಡರ್ ಹಾಕಿದೆವು. ಕಪಾಟಿನಿಂದ ಲೋಟಗಳೂ ಹೊರಗೆ ಬಂದವು. ಪ್ರತಿ ಮಂಚದ ಪಕ್ಕದ ಸ್ಟೂಲಿನ ಮೇಲೆ, ಕೈಗೆ ಎಟುಕದಷ್ಟು ದೂರದಲ್ಲಿ, ಒಂದು ತುಂಬಿದ ಲೋಟ. "ನೋಡೋಕೆ ಇಟ್ಟಿರೋದು, ಕುಡಿಸೋಕಲ್ಲ" ಎಂದು ಮೇಟ್ರನ್ ಎಚ್ಚರಿಸಿದಳು.

ಸಾಹೇಬರು ಮೂಗಿಗೆ ಕರ್ಚೀಫು ಹಿಡಿದೇ ವಾರ್ಡಿನೊಳಗೆ ಬಂದರು. ಲೋಟಗಳನ್ನು ನೋಡಿ, "ನೀರೆಲ್ಲ ಇಟ್ಟಿದೀರಲ್ಲ" ಎಂದರು. ಕಿಟಕಿ ಬಳಿ ನಿಂತು ಟೀಚರಮ್ಮನ ಕಡೆ ಬಗ್ಗಿದರು.

"ಏನಮ್ಮ, ಚೆನ್ನಾಗಿ ನೋಡ್ಕೊಳ್ತಾರಾ? ಏನಾದ್ರೂ ಬೇಕಾ?"

ಟೀಚರಮ್ಮ ಲೋಟ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬೇಡ ಸಾರ್. ಇನ್ನೂ ಬೆಲ್ ಆಗಿಲ್ಲ."

ಸಾಹೇಬರು ನಕ್ಕರು. "ಪಾಪ, ಅರಳುಮರಳು." ಮೇಟ್ರನ್ನೂ ನಕ್ಕಳು. ಇದೇ ಮಾತಿಗೆ ಹಿಂದೆ ನಾನೂ ನಕ್ಕಿದ್ದೆ.

"ಯಾರೋ ಆಗದೇ ಇರೋರು ಫೋನ್ ಮಾಡಿರ್ತಾರೆ ಬಿಡಿ" ಎನ್ನುತ್ತ ಸಾಹೇಬರು ಬಾಗಿಲ ಕಡೆ ತಿರುಗಿದರು. ಹೋಗುತ್ತಲೇ ನಮ್ಮ ಕಡೆ ಒಂದು ಮಾತು ಎಸೆದರು: "ಏನ್ರಮ್ಮ, ನೀವೇನಾದ್ರೂ ಹೇಳೋದಿದೆಯಾ?"

ಗುಂಡಕ್ಕ ನನ್ನ ಮೊಣಕೈ ಚಿವುಟಿದಳು. ಸಾಹೇಬರು ಹೊಸಿಲು ದಾಟುವುದರಲ್ಲಿದ್ದರು. ಟೀಚರಮ್ಮ ಕೈಕಟ್ಟಿಕೊಂಡು, ಒಣಗಿದ ನಾಲಿಗೆಯಲ್ಲಿ ಒಣಗಿದ ತುಟಿ ಸವರಿಕೊಳ್ಳುತ್ತಿದ್ದಳು. ಇವಳು ಸಾಯುವವರೆಗೂ ಹೀಗೇ ಕಾಯುತ್ತಾಳೆ, ನಾನು ಹೇಳಿದ್ದಕ್ಕೆ ಕಾಯುತ್ತಾಳೆ ಅನಿಸಿತು.

ಪಕ್ಕದಲ್ಲಿದ್ದ ತಿಂಡಿ ತಟ್ಟೆಯಿಂದ ಚಮಚ ತೆಗೆದುಕೊಂಡು ಅವಳ ಸ್ಟೀಲ್ ಲೋಟಕ್ಕೆ ಹೊಡೆದೆ. ಟಣ್ ಎಂದಿತು. ಇನ್ನೂ ಜೋರಾಗಿ ಹೊಡೆದೆ. ನೀರು ಚೆಲ್ಲಿತು.

"ಬೆಲ್ ಆಯ್ತು ಟೀಚರಮ್ಮ."

"ಎಲ್ಲರಿಗೂ ಆಯ್ತಾ ಮಿಸ್?"

"ಎಲ್ಲರಿಗೂ."

ತಲೆ ಎತ್ತಿ ಹಿಡಿದು ಲೋಟ ಬಾಯಿಗಿಟ್ಟೆ. ಗುಟುಕು ಗುಟುಕಾಗಿ ಕುಡಿದಳು. ಉಸಿರು ತೆಗೆದುಕೊಳ್ಳಲು ಬಿಟ್ಟಳು, ಮತ್ತೆ ಕುಡಿದಳು. ಲೋಟ ಬರಿದಾದ ಮೇಲೂ ಅದರ ಅಂಚನ್ನು ಬಾಯಿಂದ ಬಿಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮಂಚದಿಂದ ಒಂದು ಕೈ ಎದ್ದಿತು. ಅದರಾಚೆಯಿಂದ ಇನ್ನೊಂದು. ಆ ಸಾಲಿನಲ್ಲಿ, ಈ ಸಾಲಿನಲ್ಲಿ, ನಡುಗುವ ಕೈಗಳು ಒಂದೊಂದಾಗಿ ಮೇಲೆದ್ದವು. ಯಾರೂ ಕೂಗಲಿಲ್ಲ.

"ಏಯ್, ಲೋಟ ಇಡೇ ಕೆಳಗೆ. ಸಾರ್, ಇವಳಿಗೆ ತಲೆ ಸರಿ ಇಲ್ಲ" ಎಂದು ಮೇಟ್ರನ್ ಓಡಿ ಬಂದಳು. ಸಾಹೇಬರು ಹೊಸಿಲಲ್ಲೇ ನಿಂತಿದ್ದರು. ಕರ್ಚೀಫು ಮೂಗಿನಿಂದ ಇಳಿದಿತ್ತು.

"ಏನಮ್ಮ ಇದು?"

"ಫೋನ್ ಮಾಡಿದ್ದು ನಾನೇ ಸಾರ್. ನೀರು ಕಿತ್ಕೊಂಡಿದ್ದೂ ನಾನೇ, ಈ ಮೇಡಂ ಹೇಳಿದ್ರು ಅಂತ. ಬೆಲ್ಲಿನ ಸುಳ್ಳು ಮಾತ್ರ ಯಾರೂ ಹೇಳ್ಕೊಟ್ಟಿದ್ದಲ್ಲ, ಅದು ನಂದೇ. ಎಲ್ಲಾ ಬರ್ಕೊಳ್ಳಿ."

ಗುಂಡಕ್ಕ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಮೇಟ್ರನ್ ನನ್ನ ತೋಳು ಹಿಡಿದು ಜಗ್ಗುತ್ತಿದ್ದಳು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರೋ ಇಲ್ಲವೋ, ನಾನು ನೋಡಲಿಲ್ಲ. ಪಕ್ಕದ ಮಂಚದ ಡ್ರೈವರಜ್ಜ ಇನ್ನೂ ಕೈ ಎತ್ತಿಯೇ ಇದ್ದ. ತೋಳು ಕೊಡವಿಕೊಂಡು ಅವನ ಸ್ಟೂಲಿನ ಮೇಲಿದ್ದ ಲೋಟ ಎತ್ತಿಕೊಂಡೆ.