ತಂತಿಯಿಲ್ಲದ ನಂಬರು

ನಮ್ಮ ಮನೆಗೆ ಹೊಸ ಫೋನ್ ನಂಬರು ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಬೀದಿಗೆ ಹೋಗಿ ಕಂಬ ನೋಡಿದ್ದು. ಕಂಬದಿಂದ ನಮ್ಮ ಸೂರಿಗೆ ಒಂದೇ ಒಂದು ಎಳೆಯೂ ಬಂದಿರಲಿಲ್ಲ. ಮೂವತ್ತನಾಲ್ಕು ವರ್ಷ ಚಿಕ್ಕಬಳ್ಳಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್ ಆಗಿದ್ದವನು ನಾನು, ಪುಟ್ಟಸ್ವಾಮಯ್ಯ. ಹಳೆಯ ನಂಬರು ಯಾವುದೇ ಹೇಳಿ, ಅದು ಯಾವ ಬೀದಿ, ಎಷ್ಟನೇ ಕಂಬ, ಯಾವ ಕಿಟಕಿಯ ಸಂದಿಯಿಂದ ಒಳಗೆ ಹೋಗುತ್ತಿತ್ತು ಎಂದು ಈಗಲೂ ಹೇಳುತ್ತೇನೆ. ಅಂಥವನಿಗೆ ತನ್ನ ಮನೆಯದೇ ನಂಬರು ಎಲ್ಲಿದೆಯೆಂದು ಗೊತ್ತಿಲ್ಲ ಎಂದರೆ ಹೊಟ್ಟೆ ಉರಿಯುವುದಿಲ್ಲವೇ?

ನಂಬರು ತಂದವಳು ಸೊಸೆ ಶುಭಾ. ಹಗಲು ಖಾಸಗಿ ಶಾಲೆಯಲ್ಲಿ ಪಾಠ, ಸಂಜೆ ಸೀರೆಗೆ ಕುಚ್ಚು ಕಟ್ಟುವ ಕೆಲಸ. ಸೀರೆ ಹೆಚ್ಚಾದಾಗ ಮೇಲೂರಿನ ನಾಲ್ಕು ಹೆಂಗಸರಿಗೂ ಹಂಚುತ್ತಾಳೆ. ಮೊದಲು ತನ್ನ ಮೊಬೈಲ್ ನಂಬರನ್ನೇ ಬೋರ್ಡಿನ ಮೇಲೆ ಬರೆಸಿದ್ದಳು. ಸೀರೆಯವರ ಜೊತೆಗೆ ಕೆಲಸವಿಲ್ಲದ ಗಂಡಸರೂ ‘ಊಟ ಆಯ್ತಾ’ ಎಂದು ಮೆಸೇಜು ಹಾಕತೊಡಗಿದರು. ಬೇಸತ್ತು ಕಂಪ್ಯೂಟರಿನಲ್ಲೇ ಅರ್ಜಿ ಹಾಕಿ, ಆಧಾರು, ಮನೆ ಕಂದಾಯದ ರಸೀದಿ ಕೊಟ್ಟು, ನಮ್ಮೂರಿನ ೦೮೧೫೬ರಿಂದಲೇ ಶುರುವಾಗುವ ನಂಬರನ್ನು ಎರಡೇ ದಿನದಲ್ಲಿ ತರಿಸಿಕೊಂಡಳು. ನಮ್ಮ ಕಾಲದಲ್ಲಿ ಕನೆಕ್ಷನ್ನಿಗೆ ಅರ್ಜಿ ಹಾಕಿದವರ ತಲೆ ನರೆಯುತ್ತಿತ್ತು.

“ತಂತಿ ಎಲ್ಲಮ್ಮಾ?” ಎಂದೆ.

“ತಂತಿ ಇರಲ್ಲ ಮಾವ. ಆ ನಂಬರ್‌ಗೆ ಯಾರಾದ್ರೂ ಮಾಡಿದ್ರೆ ನನ್ನ ಮೊಬೈಲ್‌ಗೇ ಬರುತ್ತೆ. ನನ್ನ ನಂಬರ್ ಅವ್ರಿಗೆ ಕಾಣಲ್ಲ, ಅಷ್ಟೆ.”

“ನಂಬರು ಅಂದ್ಮೇಲೆ ಎಲ್ಲಾದ್ರೂ ಒಂದ್ಕಡೆ ಇರ್ಬೇಕಲ್ಲ?”

“ಇಂಟರ್ನೆಟ್ಟಲ್ಲಿರುತ್ತೆ.”

“ಅದೆಲ್ಲಿದೆ?”

ಅವಳಿಗೆ ಶಾಲೆಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಒಂದು ತಿಂಗ್ಳು ನೋಡ್ತೀನಿ ಮಾವ. ಕಾಲ್ ಚೆನ್ನಾಗಿ ಬಂದ್ರೆ ಸ್ಕೂಲ್ ಬಿಟ್ಟು ಇದನ್ನೇ ಮಾಡ್ತೀನಿ” ಎಂದಳು. ನಾನು ಹೂಂ ಎಂದೆ. ಮನಸ್ಸೆಲ್ಲ ಕಂಬದ ಮೇಲಿತ್ತು.

ಲೈನು ಕೆಟ್ಟಾಗ ನಾವು ಮಾಡುತ್ತಿದ್ದುದು ಹೀಗೆ. ಬೇರೆಬೇರೆ ಕಡೆಯಿಂದ ಅದೇ ನಂಬರಿಗೆ ಫೋನು ಮಾಡಿ ಕಿವಿಗೊಡುವುದು. ಒಂದು ಕಡೆಯಿಂದ ದನಿ ಸ್ವಚ್ಛ, ಇನ್ನೊಂದು ಕಡೆಯಿಂದ ಗೊರಗೊರ ಎಂದರೆ ತೊಂದರೆ ಯಾವ ದಿಕ್ಕಿನಲ್ಲಿದೆಯೆಂದು ಗೊತ್ತಾಗುತ್ತದೆ. ಕೆಟ್ಟ ಲೈನನ್ನು ಹೀಗೆ ಹಿಡಿಯಬಹುದಾದರೆ ಚೆನ್ನಾಗಿರುವ ಲೈನನ್ನು ಯಾಕೆ ಹಿಡಿಯಬಾರದು? ಹಳೆಯ ಡೈರಿಯಲ್ಲಿ ಗೆರೆ ಎಳೆದು ನಾಲ್ಕು ಮನೆ ಮಾಡಿ ಊರು, ಹೊತ್ತು, ದನಿ ಎಂದು ಬರೆದುಕೊಂಡೆ. ಕೊನೆಯ ಮನೆಗೆ ‘ಲೈನು ಮುಗಿಯುವ ಜಾಗ’ ಎಂದು ಹೆಸರಿಟ್ಟು ಖಾಲಿ ಬಿಟ್ಟೆ.

“ಏನ್ರೀ, ಈ ಬಿಸಿಲಲ್ಲಿ ಎಲ್ಲಿಗೆ?” ಎಂದಳು ನನ್ನ ಹೆಂಡತಿ ವಿಶಾಲಾಕ್ಷಮ್ಮ.

“ನಂಬರು ಹುಡುಕಕ್ಕೆ.”

“ಮೊದ್ಲು ನಿಮ್ಮ ಕನ್ನಡಕ ಹುಡುಕ್ಕೊಳ್ಳಿ.”

ಶಿಡ್ಲಘಟ್ಟಕ್ಕೆ ಹೋದೆ. ನನ್ನ ಮೊಬೈಲಿನಿಂದ ಮಾಡಿದರೆ ಶುಭಾಗೆ ನನ್ನ ಹೆಸರು ಕಾಣುತ್ತದಲ್ಲ, ಅದಕ್ಕೆ ರೇಷ್ಮೆಗೂಡಿನ ಮಾರ್ಕೆಟ್ಟಿನ ಬಳಿ ಟೀ ಅಂಗಡಿಯವನಿಗೆ ಚಾರ್ಜು ಖಾಲಿಯಾಗಿದೆ ಎಂದು ಸುಳ್ಳು ಹೇಳಿ ಅವನ ಫೋನು ಇಸಿದುಕೊಂಡೆ. ಎರಡು ಸಲ ರಿಂಗಾಯಿತು. ಆಮೇಲೆ, “ನಮಸ್ಕಾರ, ಇದು ಶುಭಾ ಸೀರೆ ಕುಚ್ಚು” ಎಂದು ಸೊಸೆಯದೇ ದನಿ. ರೆಕಾರ್ಡು ಎಂದು ಗೊತ್ತಿದ್ದರೂ ಸಿಕ್ಕಿಬಿದ್ದವನ ಹಾಗೆ ಕತ್ತರಿಸಿಬಿಟ್ಟೆ.

ಮರುದಿನ ಚಿಂತಾಮಣಿ. ಅದರ ಮರುದಿನ ಮಂಚೇನಹಳ್ಳಿ ಮೇಲೆ ಗೌರಿಬಿದನೂರು. ಬಿಸಿಲಲ್ಲಿ ಮಾಡಿದೆ, ಮೋಡವಾದಾಗ ಮಾಡಿದೆ. ಪೆರೇಸಂದ್ರದಲ್ಲಿ ಜೋರು ಮಳೆ ಹಿಡಿದಾಗ ಹೂವಿನವಳ ಫೋನಿನಿಂದ ಐದು ಸಲ ಮಾಡಿದೆ, ಯಾಕೆಂದರೆ ಮಳೆಯಲ್ಲಿ ಗೊರಗುಟ್ಟದ ಲೈನನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಇದು ಗೊರಗುಟ್ಟಲಿಲ್ಲ. ಎಲ್ಲ ಊರಿನಿಂದಲೂ ಅದೇ ಎರಡು ರಿಂಗು, ಅದೇ ದನಿ. ಹತ್ತಿರ ಎನ್ನಲೂ ಆಗದು, ದೂರ ಎನ್ನಲೂ ಆಗದು. ಕೊನೆಯ ಮನೆ ಖಾಲಿಯಾಗೇ ಇತ್ತು, ನಾನು ಮಾತ್ರ ಹುರುಪಿನಲ್ಲಿದ್ದೆ. ರಿಟೈರಾದ ಮೇಲೆ ಬೆಳಗ್ಗೆ ಎದ್ದ ತಕ್ಷಣ ಎಲ್ಲಿಗಾದರೂ ಹೋಗಬೇಕು ಅನ್ನಿಸಿದ್ದು ಆ ತಿಂಗಳೇ.

ತಿಂಗಳು ತುಂಬಿದ ಭಾನುವಾರ ಸಂಜೆ ಶುಭಾ ಒಂದು ಕಾಗದ ತಂದು ನನ್ನ ಮುಂದಿಟ್ಟಳು.

“ಸ್ಪೆಲ್ಲಿಂಗ್ ನೋಡಿ ಮಾವ. ನಾಳೆ ಹೆಡ್‌ಮಿಸ್‌ಗೆ ಕೊಡ್ತೀನಿ.”

ರಾಜೀನಾಮೆ ಪತ್ರ.

“ಒಂದೇ ತಿಂಗ್ಳಲ್ಲಿ ತೊಂಬತ್ತಾರು ಕಾಲ್. ಎಲ್ಲಾ ನಾನು ಕ್ಲಾಸಲ್ಲಿರೋ ಹೊತ್ತಿಗೇ ಬಂದು ಮಿಸ್ ಆಗ್ತಿವೆ. ಸ್ಕೂಲ್ ಬಿಟ್ರೆ ಅಷ್ಟೂ ಸಿಗುತ್ತೆ.” ಅವಳ ಮುಖ ಅರಳಿತ್ತು. “ಕೆಲವ್ರಿಗೆ ಸಂಜೆ ತಿರುಗಿ ಮಾಡಿದ್ರೆ ನಾವು ಮಾಡೇ ಇಲ್ಲ ಅಂತಾರೆ. ಪಾಪ, ಮನೇಲಿ ಗೊತ್ತಾಗ್ದಂಗೆ ಹೆಂಗಸ್ರು ಮಾಡಿರ್ತಾರೆ ಅಂದ್ಕೊಂಡು ಸುಮ್ನಾದೆ.”

ಒಂಬತ್ತು ವರ್ಷದ ಕೆಲಸ. ಅವಳು ಬಿಟ್ಟ ಮರುದಿನವೇ ಆ ಕುರ್ಚಿಯಲ್ಲಿ ಬೇರೊಬ್ಬರು ಕೂರುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ನಾಚಿಕೆಯಾಯಿತು. ಎದ್ದು ಹೋಗಿ ಡೈರಿ ತಂದು ಪತ್ರದ ಪಕ್ಕದಲ್ಲಿಟ್ಟೆ.

“ಅದ್ರಲ್ಲಿ ಐವತ್ತೆಂಟು ನಾನು ಮಾಡಿದ್ದು ಕಣಮ್ಮ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಡೈರಿ ತಿರುವಿದಳು. ಊರು, ಹೊತ್ತು, ಮಳೆ, ಬಿಸಿಲು, ಎಲ್ಲ ಅಚ್ಚುಕಟ್ಟಾಗಿತ್ತು. ಮೊಬೈಲಿನ ಪಟ್ಟಿಯ ಪಕ್ಕ ಇಟ್ಟು ಒಂದೊಂದೇ ಗುರುತು ಹಾಕುತ್ತಾ ಹೋದಳು. ಅವಳ ಕಣ್ಣು ತುಂಬಿತು.

“ನಾನು ಕೆಲ್ಸ ಬಿಡ್ತಿದ್ದೆ ಮಾವ. ನಾಳೆ ಬೆಳಗ್ಗೆ ಬಿಡ್ತಿದ್ದೆ. ಒಂದು ಮಾತು ಕೇಳಕ್ಕಾಗ್ಲಿಲ್ವಾ ನಿಮ್ಗೆ?”

“ಕೇಳಿದ್ನಲ್ಲಮ್ಮ, ಅದೆಲ್ಲಿದೆ ಅಂತ. ನಿನ್ಗೆ ಹೊತ್ತಾಗಿತ್ತು.”

“ಮಾತಿಗೊಂದು ಎದುರು ಮಾತು ಬೇರೆ!” ಎಂದು ಅಡುಗೆಮನೆಯಿಂದ ವಿಶಾಲಾಕ್ಷಮ್ಮ ನನಗೆ ಉಗಿದಳು. ನ್ಯಾಯವೇ ಅನ್ನಿಸಿತು.

ಶುಭಾಳ ಬೆರಳು ಒಂದು ಕಡೆ ನಿಂತಿತು. “ಇದು ಚಿಂತಾಮಣಿಯ ಟೈಲರ್ ಶೋಭಾರಾಣಿ ನಂಬರ್. ಇದೂ ನೀವಾ?”

“ಹೂಂ. ಮಷಿನ್ ನಿಲ್ಸಿ ಫೋನು ಕೊಟ್ಟಿದ್ಲು, ಒಳ್ಳೆ ಹೆಂಗಸು.”

“ನಾನು ತಿರುಗಿ ಮಾಡ್ದಾಗ, ‘ನಾನ್ ಮಾಡಿಲ್ಲಮ್ಮ, ಯಾರೋ ಯಜಮಾನ್ರು ಇಸ್ಕೊಂಡಿದ್ರು. ಅದ್ಸರಿ, ನೀವು ಕುಚ್ಚು ಕಟ್ತೀರಾ?’ ಅಂದ್ರು. ಆರು ಸೀರೆ ಕಳ್ಸಿದ್ರು ಮಾವ.” ಮತ್ತೆ ಕೆಳಗೆ ಹುಡುಕಿದಳು. ಪೆರೇಸಂದ್ರದ ಹೂವಿನವಳದೂ ಎರಡು ಸೀರೆ ಬಂದಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಒಂದು ನಗು ನಕ್ಕಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ.

ಆಮೇಲೆ ರಾಜೀನಾಮೆ ಪತ್ರವನ್ನು ಮಡಿಸಿ ಡೈರಿಯೊಳಗಿಟ್ಟು ನನ್ನ ಕೈಗೇ ಕೊಟ್ಟಳು.

“ಇದು ನಿಮ್ಹತ್ರಾನೇ ಇರ್ಲಿ. ನಿಜವಾದ ಕಾಲ್ ಎಷ್ಟು ಬರುತ್ತೆ ಅಂತ ನೀವೇ ಬರೀರಿ. ಮೂರು ತಿಂಗ್ಳಾದ್ಮೇಲೆ ನೋಡಣ. ಎಲ್ಲಿ, ನಿಮ್ಮ ಫೋನ್ ಕೊಡಿ.”

ತನ್ನ ಮೊಬೈಲಿನಲ್ಲಿ ಏನೇನೋ ಒತ್ತಿದಳು, ನನ್ನದರಲ್ಲಿ ನೋಡಿದಳು. ಅದೇನೆಂದು ಹೇಳಲಿಲ್ಲ. ನಾನೂ ಆ ಹೊತ್ತಿನಲ್ಲಿ ಕೇಳುವ ಧೈರ್ಯ ಮಾಡಲಿಲ್ಲ.

ಸೋಮವಾರ ಬಸ್ಸಿಲ್ಲ, ಊರಿಲ್ಲ. ಜಗಲಿಯಲ್ಲಿ ಕೂತು ಎಂದಿನಂತೆ ಕಂಬ ನೋಡುತ್ತಿದ್ದೆ. ಹನ್ನೊಂದೂ ಇಪ್ಪತ್ತಕ್ಕೆ ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು.

“ಹಲೋ, ಕುಚ್ಚು ಕಟ್ಟೋರಾ? ನಾನು ಕೆಂಚಾರ್ಲಹಳ್ಳಿ ಅಕ್ಕಯ್ಯಮ್ಮ. ಮೊಮ್ಮಗಳ ಮದ್ವೆ ಐತೆ, ಹನ್ನೊಂದು ಸೀರೆ. ಅಮ್ಮಾಯಿ ಲೇದಾ?”

ಆ ನಂಬರಿನ ಕಾಲು ನನ್ನ ಫೋನಿಗೇ ಬರುವಂತೆ ನಿನ್ನೆ ಶುಭಾ ಮಾಡಿದ್ದಳು. ಕೂತಿದ್ದವನು ಎದ್ದು ನಿಂತೆ. ಡ್ಯೂಟಿಯಲ್ಲಿ ದೊಡ್ಡ ಸಾಹೇಬರ ಫೋನು ಬಂದಾಗ ಹಾಗೇ ನಿಲ್ಲುತ್ತಿದ್ದೆ.

“ಅವ್ಳು ಸ್ಕೂಲಿಗೆ ಹೋಗಿದಾಳಮ್ಮ. ನಾನು ಅವಳ ಮಾವ. ಹೇಳಿ, ಬರ್ಕೊಳ್ತೀನಿ.”

ಬಣ್ಣ, ಅಳತೆ, ಮದುವೆಯ ದಿನ ಎಲ್ಲ ಹೇಳಿದಳು. ಇಡುವ ಮುಂಚೆ, “ಅದ್ಸರಿ ಸಾಮಿ, ನೀವಿರೋದು ಎಲ್ಲಿ?” ಎಂದಳು.

“ಇಲ್ಲೇ ಇದೀನಮ್ಮ” ಎಂದೆ.

ಡೈರಿ ಬಿಡಿಸಿ ಊರು ಬರೆದೆ, ಹೊತ್ತು ಬರೆದೆ, ದನಿ ಸ್ವಚ್ಛ ಎಂದು ಬರೆದೆ. ತಿಂಗಳಿಂದ ಖಾಲಿ ಬಿದ್ದಿದ್ದ ಕೊನೆಯ ಮನೆಯಲ್ಲಿ, ಲೈನು ಮುಗಿಯುವ ಜಾಗ, ನನ್ನ ಅಂಗಿ ಜೇಬು ಎಂದು ಬರೆದು ಸಹಿ ಹಾಕಿದೆ.